ಚಾಪೇಕರ್ ಚೌಕ ಬರೀ ಪಿಕಪ್ ಪಾಯಿಂಟ್ ಅಲ್ಲ

ನಾನಿರೋದು ಪುಣೆ ಪಕ್ಕದ ಚಿಂಚ್ವಡದಲ್ಲಿ, ಪವನಾ ನದಿಗೆ ಹತ್ತಿರ. ಬೆಳಿಗ್ಗೆ ಕ್ಯಾಬ್ ಹತ್ತಿ ಹಿಂಜವಡಿಗೆ ಹೋದ್ರೆ ವಾಪಸ್ ಬರೋದು ಕತ್ತಲಾದ ಮೇಲೆ. ಚಾಪೇಕರ್ ಚೌಕ ಅಂದ್ರೆ ಬಹಳ ದಿನ ನನಗೆ ಪಿಕಪ್ ಪಾಯಿಂಟ್ ಅಷ್ಟೇ.

ನದಿ ದಂಡೆಯಲ್ಲಿ ಮೋರಯಾ ಗೋಸಾವಿಯವರ ಸಮಾಧಿ ಮಂದಿರವಿದೆ. ‘ಗಣಪತಿ ಬಪ್ಪಾ ಮೋರಯಾ’ದ ಮೋರಯಾ ಇವರೇ ಅನ್ನುತ್ತಾರೆ. ಮನೆತನ ಬೀದರ್ ಕಡೆಯದು ಎಂಬ ಪ್ರತೀತಿಯೂ ಇದೆ. ನಮ್ಮ ಕಡೆಯವರು ಅಂತ ಖುಷಿಪಟ್ಟೆ.

ಆದರೆ ಮನಸ್ಸು ಕಲಕಿದ್ದು ಚೌಕದ ಹೆಸರಿನ ಕಥೆ. 1897ರಲ್ಲಿ ಪುಣೆಯಲ್ಲಿ ಪ್ಲೇಗ್ ಹಬ್ಬಿತ್ತು. ರೋಗಿಗಳನ್ನು ಹುಡುಕಲು ಪ್ಲೇಗ್ ಅಧಿಕಾರಿ ರ‍್ಯಾಂಡ್ ಸೈನಿಕರನ್ನು ಮನೆಮನೆಗೆ ನುಗ್ಗಿಸಿದ. ದೇವರ ಕೋಣೆ, ಅಡುಗೆಮನೆ ಯಾವುದನ್ನೂ ಬಿಡಲಿಲ್ಲ. ಜೂನ್ 22ರ ರಾತ್ರಿ, ವಿಕ್ಟೋರಿಯಾ ರಾಣಿಯ ವಜ್ರಮಹೋತ್ಸವ ಸಮಾರಂಭ ಮುಗಿಸಿ ಬರುತ್ತಿದ್ದ ರ‍್ಯಾಂಡ್‌ಗೆ ಗಣೇಶಖಿಂಡದಲ್ಲಿ ಗುಂಡು ಬಿತ್ತು. ಲೆಫ್ಟಿನೆಂಟ್ ಆಯರ್ಸ್ಟ್ ಕೂಡ ಸತ್ತ. ಹೊಡೆದವರು ಇದೇ ಚಿಂಚ್ವಡದ ಚಾಪೇಕರ್ ಅಣ್ಣತಮ್ಮಂದಿರು. 1898ರಲ್ಲಿ ದಾಮೋದರ, 1899ರಲ್ಲಿ ಬಾಲಕೃಷ್ಣ ಮತ್ತು ವಾಸುದೇವ ಗಲ್ಲಿಗೇರಿದರು. ಒಂದೇ ಮನೆಯ ಮೂವರು.

ಇದನ್ನು ಓದಿದ್ದು 2020ರಲ್ಲಿ, ನಮ್ಮ ಬಿಲ್ಡಿಂಗ್ ಗೇಟಿಗೆ ಬಿದಿರು ಕಟ್ಟಿ ಸೀಲ್ ಮಾಡಿದ್ದಾಗ. ಆಗಲೂ ಸರ್ಕಾರ ಬಳಸಿದ್ದು 1897ರ ಅದೇ ಸಾಂಕ್ರಾಮಿಕ ರೋಗಗಳ ಕಾಯ್ದೆ! ಒಂದು ದಿನ ಬಾಗಿಲು ಬಡಿದ ಸದ್ದು. ಹೆಂಡತಿ ಮಗಳನ್ನು ಒಳಗೆ ಎಳ್ಕೊಂಡಳು. ನೋಡಿದ್ರೆ ಟೆಂಪರೇಚರ್ ಚೆಕ್ ಮಾಡಲು ಬಂದ ಆಶಾ ಕಾರ್ಯಕರ್ತೆ. ಹೊಸ್ತಿಲಾಚೆಯೇ ನಿಂತು, “ಆತ ಯೇವೂ ಕಾ?” ಅಂತ ಕೇಳಿದರು. ಒಳಗೆ ಬರಬಹುದಾ ಅಂತ.

ಕಾಯ್ದೆ ಅದೇ. ಆದರೆ ಅಂದು ಬಂದವರು ಆ ಒಂದು ಮಾತು ಕೇಳಿರಲಿಲ್ಲ. ಈಗ ಕ್ಯಾಬಿಗೆ ಕಾಯುವಾಗ ಚೌಕದ ಪ್ರತಿಮೆಗಳ ಕಡೆ ಒಮ್ಮೆಯಾದರೂ ತಲೆಯೆತ್ತಿ ನೋಡ್ತೀನಿ.