ತುಪ್ಪಟದ ಎಳೆ ಮತ್ತು ಏಳರ ಲೆಕ್ಕ: ಮಧುಗಿರಿ ಸೀಮೆಯ ಕಂಬಳಿ ಹಾಗೂ ಪ್ರೋಟೀನಿನ ಹುರಿಸುರುಳಿ

ತುಮಕೂರು ಜಿಲ್ಲೆಯ ಉತ್ತರ ಭಾಗದ ಮಧುಗಿರಿ, ಸಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳು ಮಳೆ ಕಡಮೆಯಾದ, ಕಲ್ಲುಬೆಟ್ಟಗಳ, ಕುರುಚಲು ಕಾವಲುಗಳ ಸೀಮೆ. ಬೇಸಾಯವೊಂದನ್ನೇ ನೆಚ್ಚಲಾಗದ ಈ ನೆಲದಲ್ಲಿ ಕುರುಬರು, ಕಾಡುಗೊಲ್ಲರು ಮೊದಲಾದ ಪಶುಪಾಲಕ ಸಮುದಾಯಗಳು ನೆಲೆಯೂರಿದುದು ಸಹಜವೇ ಆಗಿದೆ. ಸಿರಾ ತಾಲ್ಲೂಕಿನ ಕಳುವರಹಳ್ಳಿಯ ಜುಂಜಪ್ಪನ ಗುಡ್ಡೆ ಇಂದಿಗೂ ಕಾಡುಗೊಲ್ಲರ ಶ್ರದ್ಧಾಕೇಂದ್ರ. ಟಿಪ್ಪುವಿನ ಪತನದ ಮರುವರ್ಷ, ಅಂದರೆ 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಕೋಲಾರದಿಂದ ಮಧುಗಿರಿಯ ಮಾರ್ಗವಾಗಿ ಸಿರಾ ತಲುಪಿದನು. 1807ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಅವನ ಪ್ರವಾಸಗ್ರಂಥದಲ್ಲಿ ಮೈಸೂರು ಸೀಮೆಯ ಕುರುಬರಿಗೂ ಅವರ ಕಂಬಳಿಗೂ ಸ್ಥಾನ ದೊರೆತಿದೆ.

ಕಂಬಳಿಯ ಕಸುಬು ಮನೆಮಂದಿಯೆಲ್ಲ ಕೈಗೂಡಿಸಬೇಕಾದುದು. ತುಪ್ಪಟವನ್ನು ಕತ್ತರಿಸಿ, ಹಿಂಜಿ, ರಾಟೆಯಲ್ಲಿ ನೂತು, ಹಾಸಿಗೆ ಹುಣಸೆಬೀಜದ ಗಂಜಿ ಕೊಟ್ಟು, ಕುಣಿಮಗ್ಗದಲ್ಲಿ ನೇಯುವರು. ನೂಲುವಾಗ ಬಿಡಿ ಎಳೆಗೆ ಇಲ್ಲದ ಬಲವನ್ನು ಹುರಿಯು ತಂದುಕೊಡುತ್ತದೆಂಬುದು ನೂಲುವವರಿಗೆ ಬೆರಳ ತುದಿಯ ತಿಳಿವಳಿಕೆ. ಆ ಎಳೆಯ ಒಳಗೂ, ಕಣ್ಣಿಗೆ ನಿಲುಕದ ಅಣುಗಳ ಮಟ್ಟದಲ್ಲಿ, ಇನ್ನೊಂದು ಹುರಿಯಿದೆ ಎಂಬ ಅರಿವು ಮೂಡಲು 20ನೆಯ ಶತಮಾನದ ನಡುಭಾಗದವರೆಗೆ ಕಾಯಬೇಕಾಯಿತು.

ಈ ಶೋಧವು ಆರಂಭವಾದುದು ಇಂಗ್ಲೆಂಡಿನ ಉಣ್ಣೆಗಿರಣಿಗಳ ನಗರವಾದ ಲೀಡ್ಸಿನಲ್ಲಿ. ವಿಲಿಯಂ ಆಸ್ಟ್‌ಬರಿ 1930ರ ದಶಕದ ಆದಿಯಲ್ಲಿ ಉಣ್ಣೆಯ ಎಳೆಗಳ ಮೂಲಕ ಕ್ಷಕಿರಣಗಳನ್ನು ಹಾಯಿಸಿ ಚಿತ್ರ ತೆಗೆದನು. ಹಬೆಯಲ್ಲಿ ಹಿಡಿದು ಸುಮಾರು ಇಮ್ಮಡಿ ಉದ್ದಕ್ಕೆ ಎಳೆದ ಉಣ್ಣೆಯ ಚಿತ್ರ ಬೇರೆಯೇ ಆಗಿತ್ತು. ಎಳೆಯದ ಉಣ್ಣೆಯನ್ನು ಅವನು ಆಲ್ಫಾ ರೂಪವೆಂದೂ ಎಳೆದುದನ್ನು ಬೀಟಾ ರೂಪವೆಂದೂ ಕರೆದನು. ಆಲ್ಫಾ ರೂಪದಲ್ಲಿ ಎಳೆಯ ಉದ್ದಕ್ಕೆ 5.1 ಆಂಗ್‌ಸ್ಟ್ರಾಮಿಗೊಮ್ಮೆ ಏನೋ ಮರುಕಳಿಸುತ್ತಿತ್ತು. ಆಂಗ್‌ಸ್ಟ್ರಾಮ್ ಎಂದರೆ ಮಿಲಿಮೀಟರಿನ ಕೋಟಿಯಲ್ಲೊಂದು ಪಾಲು. 1951ರಲ್ಲಿ ಲೈನಸ್ ಪಾಲಿಂಗ್ ಮತ್ತು ಸಂಗಡಿಗರು ಪ್ರೋಟೀನಿನ ಸರಪಳಿಯು ಸುತ್ತಿಕೊಂಡ ಆಲ್ಫಾ ಸುರುಳಿಯನ್ನು ಮಂಡಿಸಿದರು. ಆದರೆ ಅದರ ಒಂದು ಸುತ್ತಿನ ಎತ್ತರ 5.4 ಆಂಗ್‌ಸ್ಟ್ರಾಮ್. ಈ 0.3ರ ವ್ಯತ್ಯಾಸ ಚಿಕ್ಕದೆನಿಸಿದರೂ ಕಡೆಗಣಿಸುವಂತಹುದಲ್ಲ. ಸಮಸ್ಯೆಯ ಬೀಗದಕೈ ಅಲ್ಲೇ ಇತ್ತು.

1952ರ ಕೊನೆಯಲ್ಲಿ ಫ್ರಾನ್ಸಿಸ್ ಕ್ರಿಕ್, 1953ರ ಆದಿಯಲ್ಲಿ ಪಾಲಿಂಗ್ ಮತ್ತು ಕೋರಿ, ಬೇರೆ ಬೇರೆಯಾಗಿ ಒಂದೇ ದಿಕ್ಕಿನ ಉತ್ತರ ನೀಡಿದರು: ಸುರುಳಿಗಳು ನೆಟ್ಟಗೆ ನಿಲ್ಲದೆ ಒಂದನ್ನೊಂದು ಸುತ್ತಿ ಹುರಿಗೊಂಡಿವೆ, ಆ ಓರೆಯಿಂದಾಗಿ ಎಳೆಯ ಉದ್ದಕ್ಕೆ ಅಳೆದಾಗ ಸುತ್ತು ಗಿಡ್ಡವಾಗಿ ಕಾಣುತ್ತದೆ. ಕ್ರಿಕ್ಕನ ಲೆಕ್ಕದಂತೆ ಎರಡು ಸುರುಳಿಗಳ ನಡುವಣ ಕೋನ ಸುಮಾರು 20 ಡಿಗ್ರಿ; ಒಂದರ ಉಬ್ಬು ಇನ್ನೊಂದರ ತಗ್ಗಿನಲ್ಲಿ ಕೂರುತ್ತದೆ.

ಹೀಗೆ ಕೂರಬೇಕಾದರೆ ಅಮೈನೋ ಆಮ್ಲಗಳ ಅನುಕ್ರಮದಲ್ಲಿ ಒಂದು ಲಯವಿರಬೇಕು. ಆಲ್ಫಾ ಸುರುಳಿಯಲ್ಲಿ ಪ್ರತಿಯೊಂದು ಅಮೈನೋ ಆಮ್ಲವೂ ಹಿಂದಿನದಕ್ಕಿಂತ 100 ಡಿಗ್ರಿ ತಿರುಗಿ ನಿಲ್ಲುತ್ತದೆ. ಏಳು ಸೇರಿದರೆ 700 ಡಿಗ್ರಿ. ಎರಡು ಪೂರ್ಣ ಸುತ್ತಿಗೆ 20 ಡಿಗ್ರಿ ಕಡಮೆ. ಈ ಏಳರ ಗುಂಪನ್ನು ಸಪ್ತಕವೆನ್ನಬಹುದು. ಅದರ ಮೊದಲ ಮತ್ತು ನಾಲ್ಕನೆಯ ಸ್ಥಾನಗಳಲ್ಲಿ ಲ್ಯೂಸಿನ್, ಐಸೋಲ್ಯೂಸಿನ್, ವ್ಯಾಲಿನ್‌ಗಳಂತಹ ನೀರನ್ನು ದೂರವಿಡುವ ಆಮ್ಲಗಳು ಮರಳಿ ಮರಳಿ ಬಂದರೆ ಸುರುಳಿಯ ಮೈಮೇಲೆ ಜಿಡ್ಡಿನ ಪಟ್ಟೆಯೊಂದು ಮೂಡುತ್ತದೆ. ಸುತ್ತಲಿನ ನೀರಿನಿಂದ ಮರೆಯಾಗಲು ಎರಡು ಸುರುಳಿಗಳ ಪಟ್ಟೆಗಳು ಎದುರುಬದುರಾಗಿ ಅಂಟುತ್ತವೆ. ಪ್ರತಿ ಸಪ್ತಕಕ್ಕೂ ಪಟ್ಟೆ 20 ಡಿಗ್ರಿ ಹಿಂದೆ ಸರಿಯುವುದರಿಂದ, ಅಂಟನ್ನು ಬಿಡದಿರಲು ಬಲಮುರಿ ಸುರುಳಿಗಳೆರಡೂ ಎಡಮುರಿಯಾಗಿ ಹೆಣೆದುಕೊಳ್ಳಬೇಕಾಗುತ್ತದೆ. ಐದನೆಯ ಮತ್ತು ಏಳನೆಯ ಸ್ಥಾನಗಳಲ್ಲಿ ಸಾಮಾನ್ಯವಾಗಿ ಬರುವ ವಿದ್ಯುದಾವೇಶವುಳ್ಳ ಆಮ್ಲಗಳು ಯಾವ ಸುರುಳಿಗೆ ಯಾವುದು ಜೊತೆ ಎಂಬುದನ್ನು ನಿರ್ಧರಿಸಲು ನೆರವಾಗುತ್ತವೆ. ಉಣ್ಣೆಯ ಕೆರಾಟಿನ್‌ನಲ್ಲಿ ಆಮ್ಲೀಯ ಬಗೆಯದೊಂದು, ಪ್ರತ್ಯಾಮ್ಲೀಯ ಬಗೆಯದೊಂದು ಸರಪಳಿ ಜೋಡಿಯಾಗುತ್ತವೆ.

ಕ್ರಿಕ್ ಬರೆದಾಗ ಇಂತಹ ಯಾವ ಪ್ರೋಟೀನಿನ ಅನುಕ್ರಮವೂ ತಿಳಿದಿರಲಿಲ್ಲ. 1972ರಲ್ಲಿ ಕೆನಡಾದ ಹಾಡ್ಜಸ್, ಸ್ಮಿಲಿ ಮೊದಲಾದವರು ಸ್ನಾಯುವಿನ ಟ್ರೋಪೋಮಯೋಸಿನ್‌ನಲ್ಲಿ ಈ ಏಳರ ಆವರ್ತನೆಯನ್ನು ತೋರಿಸಿದ ಮೇಲೆಯೇ ಊಹೆಗೆ ಆಧಾರ ದೊರೆಯಿತು. ಇನ್ನೂ ಸೋಜಿಗದ ಸಂಗತಿ 1993ರದು. ಹಾರ್ಬರಿ, ಕಿಮ್ ಮತ್ತು ಆಲ್ಬರ್ ಅವರು ಯೀಸ್ಟಿನ ಒಂದು ಪ್ರೋಟೀನಿನ ತುಣುಕಿನಲ್ಲಿ ಆ ಎರಡು ಸ್ಥಾನಗಳನ್ನಷ್ಟೇ ಬದಲಿಸಿದರು. ಮೊದಲನೆಯದರಲ್ಲಿ ಐಸೋಲ್ಯೂಸಿನ್, ನಾಲ್ಕನೆಯದರಲ್ಲಿ ಲ್ಯೂಸಿನ್ ಇಟ್ಟಾಗ ಎರಡೆಳೆಯ ಹುರಿ. ಎರಡರಲ್ಲೂ ಐಸೋಲ್ಯೂಸಿನ್ ಇಟ್ಟಾಗ ಮೂರೆಳೆ. ಮೊದಲನೆಯ ಜೋಡಣೆಯನ್ನು ತಿರುವುಮುರುವಾಗಿಸಿದಾಗ ನಾಲ್ಕೆಳೆ. ಈ ಎರಡು ಆಮ್ಲಗಳಲ್ಲಿ ಇರುವ ಪರಮಾಣುಗಳ ಎಣಿಕೆಯೂ ಒಂದೇ. ಭೇದವಿರುವುದು ಕವಲೊಡೆಯುವ ಜಾಗದಲ್ಲಿ ಮಾತ್ರ.

ಕುರಿಯ ತುಪ್ಪಟದ್ದು ಏಳರ ಲೆಕ್ಕವಾದರೆ ಅದರ ತೊಗಲಿನದು ಮೂರರ ಲೆಕ್ಕ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ನರ ಶಿಷ್ಯರಾಗಿದ್ದ ಜಿ.ಎನ್. ರಾಮಚಂದ್ರನ್ ಅವರು ಗೋಪಿನಾಥ ಕರ್ತಾ ಅವರೊಡನೆ 1954–55ರಲ್ಲಿ ಮದರಾಸಿನಲ್ಲಿ ಕೊಲಾಜೆನ್ನಿನ ಮೂರೆಳೆಯ ಹುರಿರಚನೆಯನ್ನು ಮಂಡಿಸಿದರು. ಅಲ್ಲಿ ಪ್ರತಿ ಮೂರನೆಯ ಸ್ಥಾನದಲ್ಲೂ ಗ್ಲೈಸಿನ್ ಇರಲೇಬೇಕು. ಒಳಗಿನ ಇಕ್ಕಟ್ಟಿನಲ್ಲಿ ಹಿಡಿಯುವ ಆಮ್ಲ ಅದೊಂದೇ. 1970ರ ದಶಕದ ಆದಿಯಲ್ಲಿ ರಾಮಚಂದ್ರನ್ ಬೆಂಗಳೂರಿಗೆ ಮರಳಿ ಅಣುಜೈವಿಕ ಭೌತವಿಜ್ಞಾನ ವಿಭಾಗವನ್ನು ಕಟ್ಟಿದರು.

ಇಷ್ಟಾದರೂ ಕಂಬಳಿಯ ಗುಣವೆಲ್ಲವನ್ನೂ ಸಪ್ತಕಕ್ಕೆ ಆರೋಪಿಸುವುದು ಸರಿಯಲ್ಲ. ಎಳೆಯ ಗಟ್ಟಿತನಕ್ಕೆ ಸರಪಳಿಗಳನ್ನು ಬಿಗಿಯುವ ಗಂಧಕದ ಬಂಧಗಳೂ ಬೇಕು. ಒರಟುತನವು ಎಳೆಯ ದಪ್ಪದಿಂದಲೂ ಮೇಲಿನ ಹುರುಪೆಗಳಿಂದಲೂ ಬರುವಂತಹುದು. ಮಾರ್ಕ್ ಕಬ್ಬನ್ ಮೈಸೂರಿನ ಕಮಿಷನರ್ ಆಗಿದ್ದ 19ನೆಯ ಶತಮಾನದ ಮಧ್ಯಕಾಲದಲ್ಲಿ ಮೆರಿನೋ ಟಗರುಗಳನ್ನು ತರಿಸಿ ನಾಡಕುರಿಯ ತುಪ್ಪಟವನ್ನು ನಯಗೊಳಿಸಲು ಯತ್ನಿಸಲಾಯಿತು. ನಯವಾದ ಮೆರಿನೋ ಎಳೆಯಲ್ಲೂ ಸಿರಾ ಸೀಮೆಯ ಕರಿಯ ಒರಟು ಎಳೆಯಲ್ಲೂ ಕೆರಾಟಿನ್ನಿನ ಹುರಿ ಒಂದೇ ಬಗೆಯದು. ಒರಟು ತುಪ್ಪಟವು ಕೀಳೆಂಬ ತೀರ್ಮಾನ ಗಿರಣಿಯದೇ ಹೊರತು ಅಣುರಚನೆಯದಲ್ಲ. ಮಳೆಗೂ ಚಳಿಗೂ ಹೊದೆಯುವ ಕುರಿಗಾಹಿಗೆ ಬೇಕಾದುದು ಆ ಒರಟು ಎಳೆಯೇ. ಇಂದು ಕುರಿಗೆ ಬೆಲೆ ಬರುವುದು ಮಾಂಸದಿಂದ. ಪಾವಗಡದಲ್ಲಿ ಸುಮಾರು 13,000 ಎಕರೆ ನೆಲ ಸೌರ ವಿದ್ಯುತ್ ಉದ್ಯಾನಕ್ಕೆ ಸೇರಿ, ಕುರಿ ತಿರುಗುವ ಬಯಲು ಅಷ್ಟರಮಟ್ಟಿಗೆ ಕಿರಿದಾಗಿದೆ.