ಋತುಬಂಧ

ಋತುಬಂಧ ಅಥವಾ ಮುಟ್ಟು ನಿಲ್ಲುವಿಕೆ ಎಂಬುದು ಅಂಡಾಶಯಗಳ ಕಾರ್ಯವು ಕ್ರಮೇಣ ಕುಂದಿ, ಸ್ತ್ರೀಯರ ಮಾಸಿಕ ಸ್ರಾವವು ಶಾಶ್ವತವಾಗಿ ನಿಲ್ಲುವ ಸಹಜ ಶಾರೀರಿಕ ಘಟ್ಟ. ಬೇರೆ ಕಾರಣವಿಲ್ಲದೆ ಸತತ 12 ತಿಂಗಳು ಮುಟ್ಟಾಗದಿದ್ದರೆ ಋತುಬಂಧವಾಯಿತೆಂದು ಪರಿಗಣಿಸಲಾಗುತ್ತದೆ. ಆದುದರಿಂದ ಅದು ಸಂಭವಿಸಿದ್ದು ತಿಳಿಯುವುದು ವರ್ಷ ಕಳೆದ ಮೇಲೆಯೇ. ಪಾಶ್ಚಾತ್ಯ ದೇಶಗಳಲ್ಲಿ ಇದರ ಸರಾಸರಿ ವಯಸ್ಸು 51. ಭಾರತದಲ್ಲಿ ಸುಮಾರು 46–47. 40 ವರ್ಷಕ್ಕೆ ಮೊದಲೇ ಮುಟ್ಟು ನಿಂತರೆ ಅದನ್ನು ಅಕಾಲಿಕ ಋತುಬಂಧ ಎನ್ನುತ್ತಾರೆ.

ಸ್ಥಿತ್ಯಂತರ ಕಾಲ

ಹೆಣ್ಣುಶಿಶು ಹುಟ್ಟುವಾಗ ಅದರ ಅಂಡಾಶಯಗಳಲ್ಲಿ ಸುಮಾರು 10ರಿಂದ 20 ಲಕ್ಷ ಅಂಡಕೋಶಿಕೆಗಳಿರುತ್ತವೆ. ಇವು ವಯಸ್ಸಿನೊಡನೆ ಕ್ಷಯಿಸುತ್ತ ಹೋಗಿ, ಋತುಬಂಧದ ವೇಳೆಗೆ ಸಾವಿರದಷ್ಟು ಮಾತ್ರ ಉಳಿಯುತ್ತವೆ. ಅದಕ್ಕೆ ಕೆಲವು ವರ್ಷ ಮುಂಚಿನಿಂದಲೇ ಈಸ್ಟ್ರೊಜೆನ್ ಹಾರ್ಮೋನಿನ ಪ್ರಮಾಣವು ಏರಿಳಿಯತೊಡಗುತ್ತದೆ. ಮುಟ್ಟಿನ ಅಂತರ ತಪ್ಪುವುದು, ಮುಖ ಮತ್ತು ಎದೆಗೆ ಹಠಾತ್ತನೆ ಬಿಸಿಯೇರಿ ಬೆವರುವುದು, ನಿದ್ರಾಭಂಗ, ಸಿಡುಕು, ಮರೆವು, ಯೋನಿಯ ಶುಷ್ಕತೆ ಈ ಕಾಲದ ಸಾಮಾನ್ಯ ಲಕ್ಷಣಗಳು. ಕೆಲವರಿಗೆ ಇವಾವುವೂ ಕಾಣಿಸುವುದಿಲ್ಲ. ಅಂಡೋತ್ಪತ್ತಿ ಆಗೊಮ್ಮೆ ಈಗೊಮ್ಮೆ ನಡೆಯುವುದರಿಂದ ಈ ಅವಧಿಯಲ್ಲಿಯೂ ಗರ್ಭಧಾರಣೆ ಸಾಧ್ಯ.

ರಕ್ತಸ್ರಾವದ ಕುರಿತ ತಪ್ಪುಕಲ್ಪನೆ

‘ನಿಲ್ಲುವ ಮುಂಚೆ ಹೀಗೆಯೇ ಹೋಗುತ್ತದೆ’ ಎಂಬ ಮಾತು ಮನೆಮನೆಗಳಲ್ಲಿ ಕೇಳಿಬರುತ್ತದೆ. ಇದು ಅರ್ಧ ಸತ್ಯ. ಸ್ರಾವದಲ್ಲಿ ಏರುಪೇರು ಸಹಜವಾದರೂ, ಗಡ್ಡೆಗಟ್ಟಿ ಹೋಗುವ ಅತಿಸ್ರಾವವಾಗಲಿ, ಎರಡು ಮುಟ್ಟುಗಳ ನಡುವಿನ ಸ್ರಾವವಾಗಲಿ ಪರೀಕ್ಷೆಗೆ ಒಳಪಡಬೇಕಾದುದು. ಗರ್ಭಕೋಶದ ನಾರುಗಡ್ಡೆ, ಥೈರಾಯ್ಡ್ ದೋಷ ಮೊದಲಾದವು ಅದಕ್ಕೆ ಕಾರಣವಾಗಿರಬಹುದು. ಅಲಕ್ಷಿಸಿದರೆ ತೀವ್ರ ರಕ್ತಹೀನತೆ ಉಂಟಾಗುತ್ತದೆ. ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದು ಹನಿ ರಕ್ತ ಕಂಡರೂ ಅದನ್ನು ‘ಮತ್ತೆ ಮುಟ್ಟಾಯಿತು’ ಎಂದು ಭಾವಿಸಬಾರದು. ಹೆಚ್ಚಿನವರಲ್ಲಿ ಕಾರಣ ಸಾಮಾನ್ಯವಾದುದೇ ಆದರೂ, ಗರ್ಭಕೋಶದ ಒಳಪದರದ ಕ್ಯಾನ್ಸರಿನ ಮೊದಲ ಚಿಹ್ನೆ ಇದೇ ಆಗಿರುವುದುಂಟು. ಬೇಗನೆ ಪತ್ತೆಯಾದರೆ ಈ ಕ್ಯಾನ್ಸರ್ ಬಹುಪಾಲು ಗುಣವಾಗುವಂಥದು.

ಉಡುಪಿ ಜಿಲ್ಲೆಯಲ್ಲಿ

2011ರ ಜನಗಣತಿಯಂತೆ ಉಡುಪಿ ಜಿಲ್ಲೆಯಲ್ಲಿ 1000 ಪುರುಷರಿಗೆ 1094 ಸ್ತ್ರೀಯರಿದ್ದರು; ಕರ್ನಾಟಕದಲ್ಲಿ ಇದೇ ಅತ್ಯಧಿಕ. ಕಾಪು ಕರಾವಳಿಯಲ್ಲಿ ಮೀನು ಮಾರುವ, ಕಾರ್ಕಳದ ಹಳ್ಳಿಗಳಲ್ಲಿ ಬೀಡಿ ಕಟ್ಟುವ ಮಹಿಳೆಯರು ಈ ವರ್ಷಗಳನ್ನು ದುಡಿಮೆಯ ನಡುವೆಯೇ ಕಳೆಯುತ್ತಾರೆ. ಕರಾವಳಿಯ ಸೆಕೆಯಲ್ಲಿ ಬೆವರುವುದು ಯಾರಿಗೂ ಹೊಸತಲ್ಲವಾದ್ದರಿಂದ, ಋತುಬಂಧದ ಬಿಸಿಯನ್ನು ಬೇರೆಯಾಗಿ ಗುರುತಿಸುವುದೂ ಸುಲಭವಲ್ಲ. 1953ರಲ್ಲಿ ಸ್ಥಾಪನೆಯಾದ ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಮತ್ತು ಉಡುಪಿಯ ಸರಕಾರಿ ತಾಯಿ-ಮಕ್ಕಳ ಆಸ್ಪತ್ರೆಯಲ್ಲಿ ಸ್ತ್ರೀರೋಗ ವಿಭಾಗಗಳಿವೆ.

ಆರೋಗ್ಯ ರಕ್ಷಣೆ ಮತ್ತು ಚಿಕಿತ್ಸೆ

ಈಸ್ಟ್ರೊಜೆನ್ ಕಡಿಮೆಯಾದಂತೆ ಎಲುಬಿನ ಸಾಂದ್ರತೆ ಕುಗ್ಗುತ್ತದೆ. ರಾಗಿ, ಎಳ್ಳು, ಹಾಲು, ಮುಳ್ಳುಸಹಿತ ತಿನ್ನಬಹುದಾದ ಬೂತಾಯಿಯಂತಹ ಸಣ್ಣ ಮೀನುಗಳಲ್ಲಿ ಕ್ಯಾಲ್ಸಿಯಂ ಹೇರಳವಾಗಿದೆ. ತೀವ್ರ ತೊಂದರೆಯಿರುವವರಿಗೆ ಹಾರ್ಮೋನ್ ಚಿಕಿತ್ಸೆ ಪರಿಣಾಮಕಾರಿ. ಸ್ತನ ಕ್ಯಾನ್ಸರ್ ಬಂದವರಿಗೂ ರಕ್ತ ಹೆಪ್ಪುಗಟ್ಟುವ ತೊಂದರೆಯುಳ್ಳವರಿಗೂ ಸಾಮಾನ್ಯವಾಗಿ ಅದನ್ನು ನೀಡುವುದಿಲ್ಲ. ಗರ್ಭಕೋಶವನ್ನು ಮಾತ್ರ ತೆಗೆದರೆ ಮುಟ್ಟು ನಿಲ್ಲುತ್ತದೆಯೇ ಹೊರತು ಅಂಡಾಶಯಗಳು ಕೆಲಸ ಮಾಡುತ್ತಲೇ ಇರುತ್ತವೆ. ಅವನ್ನೂ ತೆಗೆದಲ್ಲಿ ಯಾವ ವಯಸ್ಸಿನಲ್ಲಾದರೂ ಒಮ್ಮೆಲೇ ಋತುಬಂಧವಾಗುತ್ತದೆ ಮತ್ತು ಲಕ್ಷಣಗಳು ಹೆಚ್ಚು ತೀವ್ರವಾಗಿರುತ್ತವೆ.