ಗಾಡಿಯ ಅಚ್ಚಿನಿಂದ ಸ್ಪೋರ್ಟ್ಸ್ ಕಾರಿನವರೆಗೆ

ತುಮಕೂರಿನಿಂದ ತಿಪಟೂರಿಗೆ ಹೋಗುವ ದಾರಿಯಲ್ಲಿ ಕಿಬ್ಬನಹಳ್ಳಿ ಕ್ರಾಸ್ ಸಿಗುತ್ತದೆ. ಎಲ್ಲರ ಬಾಯಲ್ಲೂ ಅದು ಕೆ.ಬಿ. ಕ್ರಾಸ್. ಅಲ್ಲಿಂದ ಉತ್ತರಕ್ಕೆ ತಿರುಗಿದರೆ ಚಿಕ್ಕನಾಯಕನಹಳ್ಳಿ, ದಕ್ಷಿಣಕ್ಕೆ ತಿರುಗಿದರೆ ತುರುವೇಕೆರೆ, ನೆಟ್ಟಗೆ ಹೋದರೆ ತಿಪಟೂರಿನ ಕೊಬ್ಬರಿ ಮಾರುಕಟ್ಟೆ. ಒಂದು ಕಾಲಕ್ಕೆ ಈ ರಸ್ತೆಗಳಲ್ಲಿ ಕೊಬ್ಬರಿ ಮೂಟೆ ಹೊತ್ತು ಸಾಗಿದ್ದು ಎತ್ತಿನ ಗಾಡಿ. ಈಗ ಲಾರಿ, ಟೆಂಪೊ, ಕಾರು. ಬೆಂಗಳೂರಿನಿಂದ ಮಲೆನಾಡಿನ ಕಡೆಗೆ ಹೊರಟ, ನೆಲಕ್ಕೆ ಅಂಟಿಕೊಂಡಂತೆ ಓಡುವ ಎರಡು ಸೀಟಿನ ಸ್ಪೋರ್ಟ್ಸ್ ಕಾರೂ ಆಗೊಮ್ಮೆ ಈಗೊಮ್ಮೆ ಕಣ್ಣಿಗೆ ಬೀಳುತ್ತದೆ. ಎತ್ತಿನ ಗಾಡಿಗೂ ಈ ಕಾರಿಗೂ ಎಲ್ಲಿಂದೆಲ್ಲಿಯ ಸಂಬಂಧ ಎನ್ನಬೇಡಿ. ಚಕ್ರ ಯಾವ ಓರೆಯಲ್ಲಿ ನಿಲ್ಲಬೇಕು ಎಂಬ ಪ್ರಶ್ನೆ ಎರಡನ್ನೂ ಕಾಡಿದೆ.

ಹೆದ್ದಾರಿ ಬದಿಯ ಅಂಗಡಿಗಳ ಫಲಕದಲ್ಲಿ ಕಾಣುವ ‘ವೀಲ್ ಅಲೈನ್‌ಮೆಂಟ್’ ಎಂದರೆ ಚಕ್ರಗಳನ್ನು ನೆಟ್ಟಗೆ ನಿಲ್ಲಿಸುವುದು ಎಂದೇ ಬಹಳ ಜನರ ತಿಳಿವಳಿಕೆ. ನಿಜ ಸಂಗತಿ ಹಾಗಿಲ್ಲ. ಚಕ್ರಗಳು ಪೂರ್ತಿ ನೆಟ್ಟಗೆ ನಿಲ್ಲುವುದೇ ಅಪರೂಪ. ಕೂದಲೆಳೆಯಷ್ಟು ಓರೆ ಬೇಕು. ಎಷ್ಟು ಓರೆ, ಯಾವ ಕಡೆಗೆ ಎಂಬುದೇ ವಿದ್ಯೆ. ಆ ವಿದ್ಯೆ ಮೋಟಾರಿಗಿಂತ ಹಳೆಯದು.

ಮೊದಲು ನಮ್ಮ ಗಾಡಿಯನ್ನೇ ನೋಡೋಣ. ಜಾಲಿಯಂಥ ಗಟ್ಟಿ ಮರದ ಗಾಲಿ, ನಡುವೆ ಗುಂಬ, ಅದರಿಂದ ಹೊರಟ ಅರೆಕಾಲುಗಳು, ಹೊರಗೆ ಕಬ್ಬಿಣದ ಪಟ್ಟಿ. ಪಟ್ಟಿಯನ್ನು ಬೆರಣಿಯ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಗಾಲಿಗೆ ತೊಡಿಸಿ, ನೀರು ಸುರಿಯುತ್ತಾರೆ. ಕಬ್ಬಿಣ ಕುಗ್ಗಿ ಮರದ ಸಂದುಗಳನ್ನೆಲ್ಲ ಬಿಗಿಹಿಡಿಯುತ್ತದೆ. ಇಷ್ಟು ಮಾಡಿದರೆ ಗಾಲಿ ಆಯಿತು, ಗಾಡಿ ಆಗಲಿಲ್ಲ. ಅಚ್ಚು ಮೂಕಿಗೆ ಸರಿಯಾಗಿ ಮೂಲೆಮಟ್ಟದಲ್ಲಿ ಕೂರಬೇಕು. ಮೂಕಿಯ ತುದಿಯಿಂದ ಅಚ್ಚಿನ ಎಡ ತುದಿಗೊಮ್ಮೆ, ಬಲ ತುದಿಗೊಮ್ಮೆ ಹಗ್ಗ ಹಿಡಿದು ನೋಡಿದರೆ ಎರಡೂ ಅಳತೆ ಒಂದೇ ಇರಬೇಕು. ಒಂದೆರಡು ಬೆರಳು ಹೆಚ್ಚುಕಡಿಮೆಯಾದರೂ ಗಾಡಿ ಒಂದು ಪಕ್ಕಕ್ಕೆ ಎಳೆಯುತ್ತದೆ. ಆ ಎಳೆತವನ್ನು ತಡೆಯುವುದು ಎತ್ತಿನ ಹೆಗಲು. ಕಾರಿನ ಚಕ್ರ ಓರೆಯಾದರೆ ಸವೆಯುವುದು ಟೈರು. ಗಾಡಿಯಲ್ಲಿ ಸವೆಯುತ್ತಿದ್ದುದು ಎತ್ತಿನ ಕತ್ತಿನ ಚರ್ಮ.

ಇದನ್ನು ವಿದ್ಯಾವಂತರು ಲೆಕ್ಕಕ್ಕೆ ತೆಗೆದುಕೊಂಡದ್ದು ತಡವಾಗಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ವಿಭಾಗ ಹುಟ್ಟಿತು. ಅದರ ಹಳ್ಳಿಯ ಕೇಂದ್ರ ಇದ್ದದ್ದು ತುರುವೇಕೆರೆಯ ನೆರೆಯ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ. ಅದೇ ಸಂಸ್ಥೆಯ ಎಂಜಿನಿಯರುಗಳು ಎರಡು ಚಕ್ರದ ಎತ್ತಿನ ಗಾಡಿಯ ವಿನ್ಯಾಸವನ್ನು ವಿಶ್ಲೇಷಿಸಿ, ಅದರ ಮೇಲೆ ಬೀಳುವ ಬಲಗಳನ್ನು ಅಳೆದು 1979ರಲ್ಲಿ ಪ್ರಬಂಧಗಳನ್ನು ಪ್ರಕಟಿಸಿದರು. ಬೆಂಗಳೂರಿನ ಐಐಎಂ ಸಂಸ್ಥೆಯ ಮೊದಲ ನಿರ್ದೇಶಕ ಎನ್.ಎಸ್. ರಾಮಸ್ವಾಮಿ ಅವರಂತೂ ಗಾಡಿಯ ಸುಧಾರಣೆಯನ್ನೇ ಜೀವನದ ಕೆಲಸ ಮಾಡಿಕೊಂಡರು. ಮ್ಯಾನೇಜ್‌ಮೆಂಟ್ ಕಲಿಸುವವರು ನೊಗ, ಅಚ್ಚಿನ ಮಾತಾಡುತ್ತಾರೆಂದು ನಕ್ಕವರೂ ಇದ್ದಿರಬೇಕು. ಆದರೆ ದೇಶದ ಸರಕಿನ ಎಷ್ಟು ಪಾಲು ಎತ್ತಿನ ಹೆಗಲ ಮೇಲೆ ಸಾಗುತ್ತಿತ್ತು ಎಂಬುದನ್ನು ನೆನೆದರೆ ನಗು ನಿಲ್ಲುತ್ತದೆ.

ಎರಡು ಗಾಲಿಯ ಗಾಡಿಗೆ ತಿರುವು ದೊಡ್ಡ ಸಮಸ್ಯೆಯಲ್ಲ, ಎತ್ತು ತಿರುಗಿದತ್ತ ಗಾಡಿ ತಿರುಗುತ್ತದೆ. ನಾಲ್ಕು ಚಕ್ರ ಬಂದಾಗ ಕಷ್ಟ ಶುರುವಾಗುತ್ತದೆ. ಎಡೆಯೂರಿನ ಜಾತ್ರೆಯಲ್ಲೋ ನಿಮ್ಮೂರಿನ ಜಾತ್ರೆಯಲ್ಲೋ ತೇರು ಎಳೆಯುವುದನ್ನು ನೋಡಿದ್ದೀರಲ್ಲ? ಅಚ್ಚು ಅಲುಗುವಂತಿಲ್ಲ. ಆದ್ದರಿಂದ ಗಾಲಿಗೆ ಮರದ ಬೆಣೆ ಕೊಟ್ಟು, ಇಷ್ಟಿಷ್ಟೇ ಜಾರಿಸಿ ತಿರುಗಿಸಬೇಕು. ತಿರುವಿನಲ್ಲಿ ಒಳಗಿನ ಚಕ್ರ ಚಿಕ್ಕ ವೃತ್ತದಲ್ಲಿ, ಹೊರಗಿನದು ದೊಡ್ಡ ವೃತ್ತದಲ್ಲಿ ಹೋಗಬೇಕಷ್ಟೆ. ಹಾಗಾದರೆ ಎರಡನ್ನೂ ಬೇರೆ ಬೇರೆ ಕೋನಕ್ಕೆ ತಿರುಗಿಸಬೇಕು. ಈ ಉಪಾಯವನ್ನು ಕಂಡುಹಿಡಿದವನು ಜರ್ಮನಿಯ ಮ್ಯೂನಿಕ್‌ನಲ್ಲಿ ಸಾರೋಟು ತಯಾರಿಸುತ್ತಿದ್ದ ಲಾಂಕೆನ್ಸ್‌ಪೆರ್ಗರ್. ಲಂಡನ್ನಿನಲ್ಲಿ ಅವನ ಪರವಾಗಿ 1818ರಲ್ಲಿ ಪೇಟೆಂಟ್ ಪಡೆದವನು ರುಡಾಲ್ಫ್ ಆಕರ್‌ಮನ್. ಲೋಕವೆಲ್ಲ ಇಂದಿಗೂ ಅದನ್ನು ಆಕರ್‌ಮನ್ ಸ್ಟಿಯರಿಂಗ್ ಎಂದೇ ಕರೆಯುತ್ತದೆ. ಮಾಡಿದವನೊಬ್ಬ, ಹೆಸರು ಏಜೆಂಟನದು! ಮೋಟಾರು ಕಾರಿನ ಜನಕ ಕಾರ್ಲ್ ಬೆಂಜ್‌ಗೂ ಇದು ಸುಲಭದ ತುತ್ತಾಗಿರಲಿಲ್ಲ. ಅವನ 1886ರ ಪೇಟೆಂಟಿನ ಕಾರಿಗೆ ಇದ್ದದ್ದು ಮೂರೇ ಚಕ್ರ. ಎರಡು ಮುಂಚಕ್ರಗಳನ್ನು ತಿರುಗಿಸುವ ತನ್ನದೇ ಏರ್ಪಾಟಿಗೆ ಅವನು ಪೇಟೆಂಟ್ ಪಡೆದದ್ದು 1893ರಲ್ಲಿ.

ಸಾರೋಟಿನಿಂದ ಕಾರಿಗೆ ಇನ್ನೊಂದು ಆಸ್ತಿಯೂ ಬಂತು. ಯೂರೋಪಿನ ಸಾರೋಟಿನ ಚಕ್ರ ತಟ್ಟೆಯಂತೆ ಸ್ವಲ್ಪ ಕುಳಿಯಾಗಿರುತ್ತಿತ್ತು. ಭಾರ ಹೊರುವ ಕೆಳಗಿನ ಅರೆಕಾಲು ನೆಟ್ಟಗೆ ನಿಲ್ಲಲೆಂದು ಅಚ್ಚಿನ ತುದಿಯನ್ನು ಕೆಳಕ್ಕೆ ಬಾಗಿಸುತ್ತಿದ್ದರು. ಆಗ ಚಕ್ರದ ತಲೆ ಹೊರಗೆ ವಾಲುತ್ತದೆ. ಈ ವಾಲುವಿಕೆಗೆ ಈಗಿನ ಹೆಸರು ಕ್ಯಾಂಬರ್. ನಡು ಉಬ್ಬಿದ ಅಂದಿನ ರಸ್ತೆಗಳಿಗೂ ಇದು ಒಗ್ಗುತ್ತಿತ್ತು. 1924ರ ಬುಗಾಟಿ ಟೈಪ್ 35 ರೇಸ್ ಕಾರಿನ ಚಿತ್ರ ಸಿಕ್ಕಿದರೆ ನೋಡಿ: ಮುಂಚಕ್ರಗಳು ಎಮ್ಮೆಯ ಕೊಂಬಿನಂತೆ ಹೊರಗೆ ಚಾಚಿವೆ.

ಟೈರು ಅಗಲವಾಗಿ, ವೇಗ ಹೆಚ್ಚಿದ ಮೇಲೆ ಈ ಲೆಕ್ಕ ತಲೆಕೆಳಗಾಯಿತು. ವೇಗವಾಗಿ ತಿರುಗುವಾಗ ಕಾರಿನ ಮೈ ಹೊರಕ್ಕೆ ವಾಲುತ್ತದೆ, ಭಾರವೆಲ್ಲ ಹೊರಗಿನ ಚಕ್ರದ ಅಂಚಿನ ಮೇಲೆ ಬೀಳುತ್ತದೆ. ಆದ್ದರಿಂದ ನಿಂತಾಗಲೇ ಚಕ್ರದ ತಲೆಯನ್ನು ಒಳಕ್ಕೆ ವಾಲಿಸಿಟ್ಟರೆ ತಿರುವಿನಲ್ಲಿ ಟೈರು ಪೂರ್ತಿ ನೆಲಕ್ಕೆ ಕೂರುತ್ತದೆ. ರಸ್ತೆಯ ಸ್ಪೋರ್ಟ್ಸ್ ಕಾರಿಗೆ ಇದು ಸಾಮಾನ್ಯವಾಗಿ ಒಂದು ಡಿಗ್ರಿಯ ಆಸುಪಾಸು, ರೇಸ್ ಕಾರಿಗೆ ಮೂರು ಡಿಗ್ರಿಯವರೆಗೂ ಹೋಗುವುದುಂಟು. ಕರ್ನಾಟಕಕ್ಕೂ ಇಂಥ ಕಾರಿನ ನಂಟಿದೆ. ಬೆಂಗಳೂರು ಮೂಲದ ಸ್ಯಾನ್ ಕಂಪನಿ 1998ರಲ್ಲಿ ‘ಸ್ಟಾರ್ಮ್’ ಎಂಬ ಎರಡು ಸೀಟಿನ, ಫೈಬರ್ ಮೈಯ ಕಾರನ್ನು ಹೊರತಂದಿತ್ತು. ಅದಕ್ಕೆ ಕೂರಿಸಿದ್ದು ರೆನೋ ಕಂಪನಿಯ 1.2 ಲೀಟರಿನ ಎಂಜಿನ್.

ಇನ್ನೊಂದು ಅಳತೆ ಟೋ. ಎರಡು ಮುಂಚಕ್ರಗಳ ಮೂತಿ ಒಳಗೆ ತಿರುಗಿದೆಯೋ ಹೊರಗೋ ಎಂಬುದು. ಹಿಂಚಕ್ರಕ್ಕೆ ಶಕ್ತಿ ಕೊಡುತ್ತಿದ್ದ ಅಂಬಾಸಡರ್, ಫಿಯಟ್ ಕಾರುಗಳಲ್ಲಿ ಓಡುವಾಗ ಮುಂಚಕ್ರ ತುಸು ಹೊರಕ್ಕೆ ತೆರೆಯುವುದರಿಂದ ಮೊದಲೇ ತುಸು ಒಳಗಿಡುತ್ತಿದ್ದರು. ಟೈರನ್ನು ಬೇಗ ತಿನ್ನುವುದು ಈ ಟೋ ದೋಷವೇ. ಲೆಕ್ಕ ಹಾಕಿ ನೋಡಿ: 40 ಸೆಂ.ಮೀ. ಅಗಲದ ರಿಮ್ಮಿನ ಮುಂದಿನ ಅಂಚು ಹಿಂದಿನ ಅಂಚಿಗಿಂತ 2 ಮಿ.ಮೀ. ಓರೆಯಾದರೆ, ಪ್ರತಿ ಕಿಲೋಮೀಟರಿಗೆ ಟೈರು 5 ಮೀಟರ್ ಅಡ್ಡಕ್ಕೆ ಉಜ್ಜುತ್ತದೆ. ತಿಪಟೂರಿನಿಂದ ಬೆಂಗಳೂರಿಗೆ ಸುಮಾರು 140 ಕಿ.ಮೀ. ಎಂದರೆ 700 ಮೀಟರ್ ಉದ್ದಕ್ಕೂ ಟೈರನ್ನು ಅಡ್ಡಡ್ಡ ಎಳೆದಂತಾಯಿತು. ಸ್ಪೋರ್ಟ್ಸ್ ಕಾರಿನಲ್ಲಿ ಹಣವೊಂದೇ ಹೋಗುವುದಿಲ್ಲ. ಹಿಂಚಕ್ರದ ಟೋ ಕೆಟ್ಟಿದ್ದರೆ ಮಳೆಯಲ್ಲಿ, ಘಟ್ಟದ ತಿರುವಿನಲ್ಲಿ ಕಾರು ಗಿರ್ರನೆ ಸುತ್ತಿಬಿಡುವ ಭಯವಿದೆ. ‘ಮುಂದಿನ ಎರಡು ಚಕ್ರ ನೋಡಿದರೆ ಸಾಕು’ ಎನ್ನುವ ಅಂಗಡಿಗೆ ಅಂಥ ಕಾರನ್ನು ಒಪ್ಪಿಸದಿರುವುದೇ ಲೇಸು.

ಸರಿಯಾದ ಕ್ರಮವಿದೆ. ಮೊದಲು ಟೈರಿನ ಗಾಳಿ, ಬೇರಿಂಗ್, ಸ್ಟಿಯರಿಂಗ್ ಕೀಲು, ಬುಷ್‌ಗಳ ಪರೀಕ್ಷೆ. ಸಡಿಲ ಕೀಲಿನ ಮೇಲೆ ಎಂಥ ಕಂಪ್ಯೂಟರ್ ಇಟ್ಟರೂ ಅಳತೆ ಸುಳ್ಳು. ನೆಲ ಸಮತಟ್ಟಾಗಿರಬೇಕು. ಮೊದಲು ಹಿಂಚಕ್ರ, ಆಮೇಲೆ ಮುಂಚಕ್ರ. ಅದರಲ್ಲೂ ಸ್ಟಿಯರಿಂಗ್ ತಾನಾಗಿ ನೇರಕ್ಕೆ ಮರಳುವಂತೆ ಮಾಡುವ ಕ್ಯಾಸ್ಟರ್ ಮೊದಲು, ಕ್ಯಾಂಬರ್ ಆಮೇಲೆ, ಟೋ ಕೊನೆಗೆ. ಅಂಕಿಗಳನ್ನು ಕಾರು ತಯಾರಿಸಿದ ಕಂಪನಿಯ ಪುಸ್ತಕದಿಂದಲೇ ತೆಗೆದುಕೊಳ್ಳಬೇಕು. ಯಂತ್ರದ ಪಟ್ಟಿಯಲ್ಲಿ ಆ ಕಾರು ಇಲ್ಲವೆಂದು ಬೇರೊಂದು ಕಾರಿನ ಹೆಸರು ಒತ್ತುವುದು ಸಲ್ಲದು.

ದಾರ ಮತ್ತು ತೂಗುಗುಂಡಿನಿಂದ ಹೊರಟ ಅಳತೆಯ ಕೆಲಸ ಬೆಳಕಿನ ಕಿರಣವನ್ನು ದಾಟಿ ಈಗ ಕ್ಯಾಮೆರಾಕ್ಕೆ ಬಂದು ನಿಂತಿದೆ. ಆದರೂ ರೇಸ್ ತಂಡಗಳು ದಾರವನ್ನು ಬಿಟ್ಟಿಲ್ಲ. ಕಾರಿನ ಎಡಬಲಕ್ಕೆ ಎರಡು ದಾರಗಳನ್ನು ಸಮಾಂತರವಾಗಿ ಬಿಗಿದು ಕಟ್ಟಿ, ದಾರಕ್ಕೂ ರಿಮ್ಮಿನ ಮುಂದಿನ ಹಾಗೂ ಹಿಂದಿನ ಅಂಚಿಗೂ ಇರುವ ಅಂತರವನ್ನು ಸ್ಕೇಲಿನಲ್ಲಿ ಅಳೆಯುತ್ತಾರೆ. ಚಾಲಕನ ಸೀಟಿನಲ್ಲಿ ಅವನಷ್ಟೇ ತೂಕ ಇಡುತ್ತಾರೆ. ತಿಪಟೂರಿನಲ್ಲಾದರೆ ಒಂದು ಕೊಬ್ಬರಿ ಮೂಟೆ ಸಾಕು. ಒಮ್ಮೆ ತಿರುಚಿ ಸರಿಪಡಿಸಿದ ಮೇಲೆ ಕಾರನ್ನು ಕೈಯಲ್ಲಿ ನೂಕಿ ನಾಲ್ಕಡಿ ಹಿಂದೆ ಮುಂದೆ ಉರುಳಿಸಿ, ಚಕ್ರ ತನ್ನ ಜಾಗಕ್ಕೆ ಕೂತ ನಂತರ ಮತ್ತೊಮ್ಮೆ ಅಳೆಯುತ್ತಾರೆ.